ಅಕ್ಕೂರಿನ ಮಾನ, ಸಿದ್ದರಾಜುವಿನ ತೋಳು

ಹೋದ ಭಾನುವಾರ ನಾನು ದೇಶದ ಮಾನ ಉಳಿಸಿದೆ. ಅಕ್ಕೂರಿನ ಒಂದು ಜಗಲಿಯ ಮೇಲೆ ಕೂತು, ಇಂಗ್ಲಿಷಿನಲ್ಲಿ.

(ಚಪ್ಪಾಳೆ ಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.)

ಯಾವ ದೇಶದ ಪೊಲೀಸರು ಯಾರನ್ನು ಹೇಗೆ ಹಿಂಸಿಸುತ್ತಾರೆ ಎಂದು ವಿಚಾರಿಸಿ ವಿಶ್ವಸಂಸ್ಥೆಗೆ ವರದಿ ಕಳಿಸುವ ವಿದೇಶಿ ಸಂಸ್ಥೆಯೊಂದರಿಂದ ಹೆಂಗಸೊಬ್ಬರು ಬಂದಿದ್ದರು. ಚಿತ್ರಹಿಂಸೆ ಮಾಡುವುದಿಲ್ಲ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿದೆ, ಅನುಮೋದನೆ ಮಾತ್ರ ಕೊಟ್ಟಿಲ್ಲ. ನಿಶ್ಚಿತಾರ್ಥ ಮುಗಿಸಿ ಮುಹೂರ್ತ ಮುಂದಕ್ಕೆ ಹಾಕುತ್ತಲೇ ಇರುವ ಗಂಡಿನ ಕಡೆಯವರ ಹಾಗೆ. ಹಾಗಾಗಿ ಆ ಒಪ್ಪಂದದ ಸಮಿತಿ ನಮ್ಮನ್ನು ಕೂರಿಸಿಕೊಂಡು ಲೆಕ್ಕ ಕೇಳುವಂತಿಲ್ಲ. ಇಂಥವರು ಯಾರಾದರೂ ಊರೂರು ಸುತ್ತಿ ಕೇಳಿಕೊಂಡು ಹೋಗಬೇಕು. ಚನ್ನಪಟ್ಟಣದ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ನಾನು ಅವರಿಗೆ ದುಭಾಷಿ.

ಕೇಳಬೇಕಾಗಿದ್ದದ್ದು ಸಿದ್ದರಾಜುವಿನ ಮಾತು. ಹೈವೇ ಪಕ್ಕ ಹೊಲಗಳೆಲ್ಲ ಫ್ಯಾಕ್ಟರಿ ಆಗುತ್ತಿರುವುದು ನಿಮಗೆ ಗೊತ್ತೇ ಇದೆ. ಅಂಥದ್ದೊಂದರಲ್ಲಿ ಅವನು ಕಾಂಟ್ರಾಕ್ಟ್ ಮೇಲೆ ಲೋಡಿಂಗ್ ಮಾಡುತ್ತಿದ್ದ. ತಾಮ್ರದ ವೈರು ಕಾಣೆಯಾಯಿತು, ಪೊಲೀಸರು ಇವನನ್ನು ಎತ್ತಿಕೊಂಡು ಹೋದರು. ವೈರು ಆಮೇಲೆ ಕಂಪನಿಯದೇ ಇನ್ನೊಂದು ಗೋಡೌನಿನಲ್ಲಿ ಸಿಕ್ಕಿತು. ಸಿದ್ದರಾಜು ಮನೆಗೆ ಬಂದ. ತನಗೇನಾಯಿತೆಂದು ಯಾರಾದರೂ ಒಬ್ಬರು ಕೇಳಿಸಿಕೊಳ್ಳಲಿ ಎಂಬುದಷ್ಟೇ ಅವನ ಆಸೆ.

ಪಂಚಾಯ್ತಿ ಮೆಂಬರ್ ಪುಟ್ಟಸ್ವಾಮಣ್ಣ ಬಸ್‌ಸ್ಟಾಪಿನಲ್ಲೇ ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಒಸಿ ನೋಡ್ಕಂಡು ಹೇಳಿ. ಹೊರಗ್ನೋರ ಮುಂದೆ ಊರ್ ಮಾನ ಹೋಗ್ಬಾರ್ದು."

ಅವರು ಹೇಳಬೇಕಿತ್ತೇ? ನೆಂಟರು ಬಂದರೆ ಕೊಳೆ ಬಟ್ಟೆಯನ್ನು ಮಂಚದ ಕೆಳಗೆ ತಳ್ಳುವ ಜಾತಿ ನಾನು.

ಸಿದ್ದರಾಜು ತಲೆ ತಗ್ಗಿಸಿ ಹೇಳಿದ. "ಕೈಯ್ಯ ಹಿಂದುಕ್ ಕಟ್ಬುಟ್ಟು, ಹಗ್ಗ ತೊಲೆಗ್ ಹಾಕಿ ಮ್ಯಾಕ್ಕೆ ಎಳುದ್ರು ಸಾ. ಕಾಲು ನೆಲುಕ್ ಮುಟ್ತಿರ್ನಿಲ್ಲ."

ವಿಚಾರಣೆ ಸ್ವಲ್ಪ ಕಠಿಣವಾಗಿತ್ತಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ತಲೆಯಾಡಿಸಿ ಬರೆದುಕೊಂಡರು. ಅವನು ಇನ್ನೂ ಹೇಳಿದ, ನಾನು ಇನ್ನೂ ತೆಳ್ಳಗೆ ಮಾಡಿದೆ. ಹೆದರಿಕೆಗಲ್ಲ, ಮರ್ಯಾದೆಗೆ. ಪುಟ್ಟಸ್ವಾಮಣ್ಣನ ಮುಖ ಅರಳಿತು.

ನಮ್ಮ ಕಡೆ ಅತಿಥಿಗಳನ್ನು ಸನ್ಮಾನ ಮಾಡದೆ ಕಳಿಸುವುದುಂಟೇ? ಶಾಲು, ಮೈಸೂರು ಪೇಟ, ಏಲಕ್ಕಿ ಹಾರ ಎಲ್ಲ ರೆಡಿ ಇತ್ತು. (ಪೊಲೀಸ್ ಹಿಂಸೆ ವಿಚಾರಿಸಲು ಬಂದವರಿಗೆ ಪೇಟ! ನಮ್ಮನ್ನು ಬಿಟ್ಟರೆ ಇನ್ನಾರಿಗೆ ಹೊಳೆದೀತು?) ಆಯಮ್ಮ ಬಂದದ್ದೇ ಇವನಿಗಾಗಿ, ಹಾರ ಇವನೇ ಹಾಕಲಿ ಎಂದು ಪುಟ್ಟಸ್ವಾಮಣ್ಣ ಸಿದ್ದರಾಜುವನ್ನೇ ಮುಂದೆ ತಳ್ಳಿದರು.

ಆಕೆ ಎತ್ತರದ ಹೆಂಗಸು. ಸಿದ್ದರಾಜು ಹಾರ ಹಿಡಿದು ತೋಳೆತ್ತಿದ. ಎದೆಯವರೆಗೆ ಬಂತು, ಅಲ್ಲೇ ನಿಂತಿತು. ಮತ್ತೆ ಎತ್ತಿದ. ಹಲ್ಲು ಕಚ್ಚಿದ, ಹಾರ ನೆಲಕ್ಕೆ ಬಿತ್ತು. ಫೋಟೋ ತೆಗೆಯಲು ನಿಂತವರು ಕ್ಯಾಮೆರಾ ಕೆಳಗಿಳಿಸಿದರು.

ಆಕೆ ಹಾರ ಎತ್ತಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ಸಿದ್ದರಾಜು ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತೀರಾ, ಒಂದು ಮಾತೂ ಬಿಡದೆ, ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಹೇಳಿದೆ. ಹಗ್ಗ, ತೊಲೆ, ನೆಲ ಮುಟ್ಟದ ಕಾಲು, ಎಲ್ಲ. ಪುಟ್ಟಸ್ವಾಮಣ್ಣ ಜಗಲಿ ಇಳಿದು ಹೋದರು. ಇಷ್ಟು ಹೊತ್ತು ನಾನು ನಾಚಿದ್ದು ಆ ಹಗ್ಗಕ್ಕಲ್ಲ, ಹಗ್ಗದ ಸುದ್ದಿ ಹೊರಗೆ ಹೋಗುವುದಕ್ಕೆ. ಅದು ಗೊತ್ತಾಗಲು ಇನ್ನೊಬ್ಬನ ಮೇಲೇಳದ ತೋಳು ಬೇಕಾಯಿತು. ಥೂ!

ಸಿದ್ದರಾಜು ಆಕೆಯ ಮುಖವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದ. ಕೋಪವೇನೂ ಇರಲಿಲ್ಲ, ಬರೀ ಕೇಳಿದ:

"ಈಗ ಆಯಮ್ಮ ಕಣ್ಣೀರ್ ಒರುಸ್ಕತಾವ್ರೆ. ಮೊದ್ಲು ನಾನ್ ಹೇಳ್ದಾಗ ಏನಂತ ಹೇಳಿದ್ರಿ ಸಾ?"