ಬರೋದು ಬಿಟ್ಟ ಮಡಿವಾಳ

ಹೋದ ಬೇಸಿಗೆಗೆ ನಾನು ಹಕ್ಕಿ ಎಣಿಸುವ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ಸಂಬಳವಿಲ್ಲದ ಕೆಲಸ, ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು ಹೊರಡುತ್ತಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತಿನ ತೋಪುಗಳಲ್ಲಿ ಹತ್ತು ನಿಮಿಷ ಅಲುಗಾಡದೆ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನು ಬರೆದುಕೊಳ್ಳಬೇಕು. ಇದಕ್ಕೆ ಪಾಯಿಂಟ್ ಕೌಂಟ್ ಎನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಮಡಿವಾಳ ಹಕ್ಕಿ. ಕಪ್ಪು-ಬಿಳುಪಿನ, ಬಾಲ ನೆಟ್ಟಗೆ ಎತ್ತುವ ಹಾಡುಗಾರ. ಮರ ಹೋಗಿ ಗದ್ದೆ ಬಂದಂತೆಲ್ಲ ನನ್ನ ಪುಸ್ತಕದಲ್ಲಿ ಒಂದೊಂದೇ ತೋಪಿನ ಮುಂದೆ ಸೊನ್ನೆ ಬೀಳುತ್ತ ಬಂತು. ಕೊನೆಗೆ ಉಳಿದದ್ದು ಜವಳಗೇರಾ ಹತ್ತಿರದ ಒಂದು ಬೇವಿನ ತೋಪು.

ಅದರ ಮಾಲೀಕರು ಶರಣಪ್ಪಗೌಡರು. ಅದನ್ನೂ ಸಮ ಮಾಡಿ ಭತ್ತ ಹಚ್ಚುವವರಿದ್ದರು. ನನ್ನ ಕಾಟ ತಾಳದೆ ಒಂದು ದಿನ ನಸುಕಿನಲ್ಲೇ ತೋಪಿಗೆ ಬಂದು ಒಂದು ಮಾತು ಕೊಟ್ಟರು.

"ಹಕ್ಕಿ ಐತಿ ಅಂತ ತೋರಿಸ್ರಿ, ಗಿಡ ಮುಟ್ಟಂಗಿಲ್ಲ. ಇಲ್ಲಂದ್ರ ನಾಳೆ ಜೆಸಿಬಿ ಬರ್ತೈತಿ. ಮತ್ತ ತಕರಾರು ಮಾಡಬ್ಯಾಡ್ರಿ."

ಆ ಬೆಳಿಗ್ಗೆ ಮೂರು ಸಲ ಎಣಿಕೆಗೆ ನಿಂತೆ. ಟ್ರ್ಯಾಕ್ಟರ್ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಹನುಮವ್ವನನ್ನು ಕೇಳಿದೆ, "ಯವ್ವಾ, ಇಲ್ಲಿ ಮಡಿವಾಳ ಬರೂದಿಲ್ಲೇನು?"

"ಬರೂದು ಬಿಟ್ಟು ಮೂರು ವರ್ಸಾತ್ರೀ ಅಕ್ಕಾರ."

ಸೊನ್ನೆ ಬರೆದೆ. ಕಾನ್ವೆಂಟಿನಲ್ಲಿ ತಿದ್ದಿದ ಕೈ. ಸೊನ್ನೆ ಬಹಳ ದುಂಡಗೆ ಬಂತು, ಅದಕ್ಕೇ ಇನ್ನಷ್ಟು ಸಂಕಟವಾಯಿತು. ಗೌಡರು ಬಂದು ಪುಸ್ತಕ ನೋಡಿ, ಜೆಸಿಬಿಯವನಿಗೆ ಹೇಳಲು ಮೊಬೈಲ್ ತೆಗೆದರು.

ಹನುಮವ್ವ ನನ್ನ ಮುಖ ನೋಡಿ ಸಮಾಧಾನ ಹೇಳಿದಳು. "ಹೋಗ್ಲಿ ಬಿಡ್ರಿ, ಅದಕ್ಯಾಕ ಅಳತೀರಿ? ಅವ ಸಿಂಧನೂರಾಗ ಇಸ್ತ್ರಿ ಅಂಗಡಿ ಇಟ್ಟಾನ. ನಮ್ಮ ಅರಬಿ ನಾವ ಒಕ್ಕೊಂತೀವಿ."

ಗೌಡರ ಬೆರಳು ಮೊಬೈಲ್ ಮೇಲೇ ನಿಂತಿತು.

"ನಾ ಕೇಳಿದ್ದು ಹಕ್ಕಿ, ಯವ್ವಾ! ಕರಿದು-ಬಿಳಿದು, ಬಾಲ ಹಿಂಗ ಎತ್ತತೈತಿ," ಎಂದು ಸೆರಗಿನ ತುದಿ ಎತ್ತಿ ತೋರಿಸಿದೆ.

"ಅದಾ! ಹಕ್ಕಿ ಅಂತ ಬಾಯಿಬಿಟ್ಟು ಹೇಳಬಾರದೇನ್ರಿ? ಅದರ ಮನಿ ಬಾಗಿಲದಾಗ ನಿಂತು ಊರ ಮಡಿವಾಳನ್ನ ಕೇಳಾಕತ್ತೀರಿ!"

ಅವಳ ಕೋಲು ತೋರಿಸಿದ್ದು ನನ್ನ ಬೆನ್ನ ಹಿಂದಿನ ಬೇವಿನ ಪೊಟರೆಯನ್ನು. ಅದಕ್ಕೇ ನನ್ನ ಛತ್ರಿ ಒರಗಿಸಿದ್ದೆ. ಛತ್ರಿ ತೆಗೆದು ಎಲ್ಲರೂ ದೂರ ಸರಿದೆವು. ಸ್ವಲ್ಪ ಹೊತ್ತಿಗೆ ಗಂಡು ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬಂತು. ಒಳಗಿಂದ ಮರಿಗಳ ಚೀರಾಟ.

"ಮಕ್ಕಳು ಮರಿ ಸಮೇತ ಅದಾವಲ್ಲ!" ಎಂದು ಗೌಡರು ನಕ್ಕರು. ಫೋನಿನಲ್ಲಿ ಒಂದೇ ಮಾತು: "ನಾಳೆ ಬರಬ್ಯಾಡ." ನಾನು ಪುಸ್ತಕ ತೆರೆದು ಆ ದುಂಡನೆಯ ಸೊನ್ನೆಯನ್ನು ಹೊಡೆದುಹಾಕಿದೆ.

ಈ ವರ್ಷವೂ ಆ ತೋಪಿನಲ್ಲಿ ಒಂದು ಜೋಡಿ ಇದೆ. ಉಳಿದ ತೋಪುಗಳ ಸೊನ್ನೆಗಳು ಹಾಗೇ ಇವೆ. ಆದರೆ ಹೊಸ ಸೊನ್ನೆ ಬರೆಯುವ ಮುನ್ನ ಅಲ್ಲಿಯವರನ್ನು ಇನ್ನೊಮ್ಮೆ ಕೇಳುತ್ತೇನೆ. ಹೆಸರು ಹೇಳಿ ಅಲ್ಲ, ಸೆರಗಿನ ತುದಿ ಎತ್ತಿ.