ಹೇಳಿದ ಮೇಲೆ ಊಟ

ಈ ಜನವರಿಯ ಎರಡನೆಯ ಶನಿವಾರ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ನಾನು ಟೆಕ್ಸಾಸಿನ ಪ್ರಾಸ್ಪರ್‌ನ ಒಂದು ಮನೆಯ ಗ್ಯಾರೇಜಿನಲ್ಲಿ ನಿಂತಿದ್ದೆ. ಎಡಕ್ಕೆ ವಾಟರ್ ಹೀಟರ್. ಬಲಕ್ಕೆ ಬಹಳ ದಿನ ಕದಲದೆ ಧೂಳು ಹಿಡಿದ ಪಿಕಪ್ ಟ್ರಕ್. ಕಾಲ ಬಳಿ ಉದ್ದನೆಯ ಕಪ್ಪು ಬ್ಯಾಗು. "ಇದನ್ನ ತೊಗೊಂಡ ಹೋಗಿಬಿಡ್ರಿ. ಮೈದಾನದ ಸಾಮಾನು ಮೈದಾನಕ್ಕ ಸೇರಲಿ" ಎಂದು ಹೇಳಿ ಆಂಟಿ ಒಳಗೆ ಹೋಗಿದ್ದರು. ನಾನು ಬಗ್ಗಿ ಜಿಪ್ ಎಳೆದೆ. ಔಡಲೆಣ್ಣೆಯ ವಾಸನೆ ಮೇಲೆ ಬಂತು. ನಮ್ಮ ಮೈಸೂರಿನ ಕಡೆ ಅದಕ್ಕೆ ಹರಳೆಣ್ಣೆ ಅನ್ನುತ್ತೇವೆ. ಆಂಟಿಯ ಗಂಡ, ನಮ್ಮ ಅಂಕಲ್, ಔಡಲೆಣ್ಣೆ ಅನ್ನುತ್ತಿದ್ದರು, ಈಗ ನನಗೂ ಅದೇ ಹೆಸರು ಬಾಯಿಗೆ ಬರುತ್ತದೆ.

ನಾನು ಚಿಪ್‌ಗಳನ್ನು ಪರೀಕ್ಷೆ ಮಾಡುವ ಕೆಲಸದವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಆದರೂ ಅದೇ ಮನೆಯ ಒಳಗೆ, ಊಟದ ಮೇಜಿನ ಹತ್ತಿರ, ಎರಡು ಡಿಸೆಂಬರ್‌ಗಳ ಹಿಂದೆ ನಡೆದದ್ದನ್ನು ಬರೆಯಲು ಕುಳಿತರೆ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ನೋಡುತ್ತೇನೆ. ನಿಧಾನವಾಗಿಯೇ ಬರೆಯುತ್ತೇನೆ.

ಅಂಕಲ್ ಹುಬ್ಬಳ್ಳಿಯವರು. ಕಾರಿನ ಗಾಜು ಬದಲಾಯಿಸುವ ಅಂಗಡಿ ಇಟ್ಟಿದ್ದರು. ಟೆಕ್ಸಾಸಿನಲ್ಲಿ ವಸಂತಕಾಲದ ಆಲಿಕಲ್ಲು ಬಿದ್ದಾಗಲೆಲ್ಲ ಅವರಿಗೆ ಕೈತುಂಬ ಕೆಲಸ. ಉಳಿದ ಹೊತ್ತೆಲ್ಲ ನಮ್ಮ ಬೇಸ್‌ಬಾಲ್ ತಂಡದ್ದು. ಅವರೇ ಅದರ ಮ್ಯಾನೇಜರ್, ಯಾರು ಎಲ್ಲಿ ಆಡಬೇಕೆಂದು ಹೇಳುವವರು. "ಗಾಜು ಒಡೆಯೋ ಆಟ ಆಡಿಸ್ತಾರೆ, ಗಾಜು ಹಾಕೋ ಅಂಗಡಿ ನಡೆಸ್ತಾರೆ" ಎಂದು ನಾವು ರೇಗಿಸುತ್ತಿದ್ದೆವು. ಅವರು ಈ ಊರಿಗೆ ಬಂದ ಕಾಲಕ್ಕೆ ಸುತ್ತಮುತ್ತ ಕ್ರಿಕೆಟ್ ಆಡಲು ಜಾಗವಿರಲಿಲ್ಲವಂತೆ. ಪಾರ್ಕಿನಲ್ಲಿ ಬೇಸ್‌ಬಾಲ್ ಮೈದಾನ ಖಾಲಿ ಬಿದ್ದಿತ್ತು. ಅಷ್ಟೇ ಕಾರಣ.

ಕ್ರಿಕೆಟ್ ಆಡಿ ಬೆಳೆದ ನಮಗೆ ಒಂದು ರೋಗವಿತ್ತು. ಚೆಂಡು ಹೊಡೆದ ಮೇಲೆ ಬ್ಯಾಟು ಹಿಡಿದೇ ಓಡುತ್ತಿದ್ದೆವು. ಬೇಸ್‌ಬಾಲಿನಲ್ಲಿ ಬ್ಯಾಟು ಅಲ್ಲೇ ಬಿಸಾಡಿ ಓಡಬೇಕು. "ಬ್ಯಾಟ್ ಬಿಡಲೇ! ಹುಟ್ಟುತ್ತಲೇ ಕೈಯಾಗ ಹಿಡಕೊಂಡ ಬಂದಿಯೇನ?" ಎಂಬ ಅಂಕಲ್ ಕೂಗು ಪಾರ್ಕಿಂಗ್ ಲಾಟಿನವರೆಗೂ ಕೇಳಿಸುತ್ತಿತ್ತು. ಎದುರು ತಂಡದ ಅಮೆರಿಕನ್ನರೂ ಆ ಮಾತು ಕಲಿತು, ನಮ್ಮವರು ಓಡಲು ಶುರುಮಾಡಿದ ಕೂಡಲೇ "ಬ್ಯಾಟ್ ಬಿಡಲೇ" ಎಂದು ಕೂಗಿ ನಗುತ್ತಿದ್ದರು.

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲಿ ಆಡುತ್ತೇವೋ ಅದೇ ನಮ್ಮ ಹೆಸರು. ನಾನು ಸೆಕೆಂಡ್ ಬೇಸು, ಓಟದ ದಾರಿಯ ಎರಡನೆಯ ನಿಲ್ದಾಣ ಕಾಯುವವನು. ಬೆಳಗಾವಿಯ ಗೆಳೆಯನೊಬ್ಬ ಕ್ಯಾಚರ್, ಬ್ಯಾಟ್ಸ್‌ಮನ್ನಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುವವನು. ಚೆಂಡು ಎಸೆಯುವವನು ಪಿಚರ್. ಕೆಲಸ ಬದಲಾಗಿ ಕ್ಯಾಚರ್ ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿಗೆ ಹೋದ, ಪಿಚರ್ ಹ್ಯೂಸ್ಟನ್ನಿಗೆ ಹೋದ. ಅಂಕಲ್ ಇಬ್ಬರನ್ನೂ ಬಿಡಲಿಲ್ಲ. ಆಟವಿದ್ದ ಭಾನುವಾರ ಆ ಇಬ್ಬರೂ ಕತ್ತಲಲ್ಲೇ ಎದ್ದು ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆಮೇಲೆ ಕಲಬುರಗಿಯ ಹುಡುಗಿಯೊಬ್ಬಳು ಬಂದಳು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಊರಲ್ಲಿ ಕಾಲೇಜು ತಂಡಕ್ಕೆ ಬೇಸ್‌ಬಾಲಿನಂಥದೇ ಸಾಫ್ಟ್‌ಬಾಲ್ ಆಡಿದವಳು. ಬ್ಯಾಟು ಬಿಟ್ಟು ಓಡುವುದನ್ನು ಯಾರೂ ಹೇಳಿಕೊಡಬೇಕಾಗಿರದ ಒಬ್ಬಳೇ ಒಬ್ಬಳು ನಮ್ಮಲ್ಲಿ. ಅವಳಿಗೆ ಅಂಕಲ್ ಇಟ್ಟ ಹೆಸರು "ಥರ್ಡ್ ಬೇಸವ್ವ."

ಅಂಕಲ್‌ಗೆ ಇಷ್ಟವಾದದ್ದು ಆಟದ ಕಾಲಕ್ಕಿಂತ ಆಟ ನಿಂತ ಚಳಿಗಾಲ. ದೊಡ್ಡ ತಂಡಗಳು ಯಾರನ್ನು ಇಟ್ಟುಕೊಂಡವು, ಯಾರನ್ನು ಬಿಟ್ಟವು, ಯಾವ ಮ್ಯಾನೇಜರ್ ಹೋದ, ಯಾರು ಬಂದ ಎಂಬುದನ್ನು ಟಿವಿಯ ಮುಂದೆ ಕೂತು, ಬೀಗರ ಮನೆಯ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದರು. "ಆಡೂದನ್ನ ಎಲ್ಲಾರೂ ನೋಡ್ತಾರ. ಬಿಡೂದನ್ನ ಹೆಂಗ ಬಿಡ್ತಾರ, ಅದನ್ನ ನೋಡಬೇಕು" ಅನ್ನುತ್ತಿದ್ದರು.

ಅವರು ಬಿಡುವುದಕ್ಕೂ ಒಂದು ಪದ್ಧತಿ ಇತ್ತು. ಮುಂದಿನ ವರ್ಷಕ್ಕೆ ಯಾರನ್ನಾದರೂ ತೆಗೆಯುವುದಿದ್ದರೆ, ಇಲ್ಲ ಜಾಗ ಬದಲಿಸುವುದಿದ್ದರೆ, ಡಿಸೆಂಬರಿನಲ್ಲಿ ಅವರ ಮನೆಗೇ ಹೋಗುತ್ತಿದ್ದರು. ಬಾಗಿಲಲ್ಲಿ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ವಿಷಯ ಹೇಳುತ್ತಿದ್ದರು. ಹೇಳಿದ ಮೇಲೆ ಅಲ್ಲೇ ಊಟಕ್ಕೆ ಕೂರುತ್ತಿದ್ದರು. ಹಾಗಾಗಿ ಡಿಸೆಂಬರಿನಲ್ಲಿ ಅಂಕಲ್ ಫೋನ್ ಮಾಡಿ "ನಾಳೆ ಊಟಕ್ಕ ಬರ್ತೇನಿ" ಅಂದರೆ ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಪಿಚರ್‌ನ ಹೆಂಡತಿ ಒಂದು ವರ್ಷ ಹೋಳಿಗೆ ಮಾಡಿ ಕಾದಿದ್ದಳಂತೆ, ಹೋಳಿಗೆ ನೋಡಿಯಾದರೂ ಮನಸ್ಸು ಬದಲಿಸಲಿ ಎಂದು. ಅಂಕಲ್ ಬಂದದ್ದು ಬರೀ ಊಟಕ್ಕೆ. ಹೋಳಿಗೆ ತಿಂದು ಹೋದರು.

ಕ್ಯಾಚರ್‌ನ ಮಂಡಿ ಕೈಕೊಟ್ಟ ವರ್ಷ ನಾನೂ ಅವರ ಜೊತೆ ಸೀಡರ್ ಪಾರ್ಕಿಗೆ ಹೋಗಿದ್ದೆ. ಬಾಗಿಲು ತೆರೆದವನಿಗೆ ಅಂಕಲ್ ನಿಂತಲ್ಲೇ ಹೇಳಿದರು: "ಈ ಸಲ ನೀ ಹಿಂದ ಕುಂಡ್ರೂದಿಲ್ಲ. ಬ್ಯಾರೆಯವರು ಕುಂಡ್ರತಾರ. ಕಡೀಗೆ ಒಂದೆರಡು ಸಲ ಬ್ಯಾಟ್ ಮಾಡು."

ಕ್ಯಾಚರ್ ಬಾಗಿಲನ್ನು ಪೂರ್ತಿ ತೆರೆದ. ಆಮೇಲೆ, "ಇದನ್ನ ಹೇಳಾಕ ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡ ಬಂದ್ರೇನ್ರಿ? ಫೋನ್‌ನ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು?" ಅಂದ.

"ಹೇಳಾಕ ಬಂದಿಲ್ಲೋ. ಹೇಳಿದ ಮ್ಯಾಲೆ ನಿನ್ನ ಜೋಡಿ ಉಣ್ಣಾಕ ಬಂದೇನಿ."

"ನನ್ನ ಕ್ಯಾಚರ್ ಅಂತ ಕರೀತಿದ್ರಿ. ಇನ್ನ ಏನಂತ ಕರೀತೀರಿ?"

"ಕ್ಯಾಚರ್ ಅಂತನ. ಜಾಗ ಬದಲಾದ್ರ ಹೆಸರು ಬದಲಾಗ್ತೈತೇನು?"

ವಾಪಸ್ ಬರುವಾಗ ನಾನು ಓಡಿಸುತ್ತಿದ್ದ ಕಾರಿನಲ್ಲಿ ಅವರು ನನಗೆ ಹೇಳಿದ್ದು ನೆನಪಿದೆ. ಉಂಡ ಮೇಲೆ ಹೇಳಿದರೆ ಉಂಡದ್ದೆಲ್ಲ ಮೋಸ ಅನ್ನಿಸುತ್ತದೆ. ಹೇಳಿದ ಮೇಲೂ ಒಂದೇ ಮೇಜಿನಲ್ಲಿ ಉಣ್ಣಲು ಆಯಿತು ಅಂದರೆ, ಹೋದದ್ದು ಜಾಗ ಮಾತ್ರ, ಮನುಷ್ಯ ಹೋಗಲಿಲ್ಲ ಎಂದು ಗೊತ್ತಾಗುತ್ತದೆ. ಇಷ್ಟು ಹೇಳಿ ಅವರು ನಿದ್ದೆಹೋದರು...

ಅವರ ಕಣ್ಣು ಯಾವಾಗ ಮಂಜಾಗತೊಡಗಿತೋ ನಮಗೆ ಗೊತ್ತಾಗಲಿಲ್ಲ. ಬೇಸ್‌ಬಾಲಿನಲ್ಲಿ ಓಡುವವನು ಮೂರು ಬೇಸ್ ಸುತ್ತಿ, ಹೊರಟ ಜಾಗಕ್ಕೇ ಮರಳಿ ಮುಟ್ಟಿದರೆ ಒಂದು ರನ್. ಮೂರನೆಯ ಬೇಸಿನ ಪಕ್ಕ ನಿಂತ ಅಂಕಲ್ ಕೈ ಬೀಸಿದರೆ ಓಡಬೇಕು, ಅಂಗೈ ಎತ್ತಿದರೆ ನಿಲ್ಲಬೇಕು. ಓಡುವವನು ತಿರುಗಿ ಚೆಂಡು ನೋಡಬಾರದು, ಅಂಕಲ್ ಕೈಯನ್ನೇ ನಂಬಬೇಕು. ಎರಡು ಸೀಸನ್ ಹಿಂದೆ ಅವರು ಕೈ ಬೀಸಿದಾಗಲೆಲ್ಲ ನಮ್ಮವರು ಔಟ್ ಆಗುತ್ತಿದ್ದರು. ಚೆಂಡು ಎಷ್ಟು ದೂರ ಬಂದಿದೆ ಎಂಬ ಅಂದಾಜು ಅವರಿಗೆ ತಪ್ಪಿತ್ತು. ಕಡೆಯ ಆಟದಲ್ಲಿ ಪಿಚರ್ ಓಡಿಬರುತ್ತಿದ್ದ. ಅಂಕಲ್ ಕೈ ಬೀಸಿದರು. ಚೆಂಡು ಆಗಲೇ ಎದುರಾಳಿ ಕ್ಯಾಚರ್‌ನ ಕೈಯಲ್ಲಿತ್ತು. ಇಬ್ಬರೂ ಡಿಕ್ಕಿ ಹೊಡೆದರು. ನಾನು ಬೆಂಚಿನಿಂದ ಎದ್ದು ನಿಂತಿದ್ದೆ, ಪಿಚರ್‌ನ ಭುಜದ ಮೂಳೆ ಮುರಿದ ಸದ್ದು ಕೇಳಿಸಿತು.

ನವೆಂಬರಿನಲ್ಲಿ ಅಂಕಲ್ ಒಂದು ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದಾಗ, ತಂಡದವರು ಫ್ಲವರ್ ಮೌಂಡ್ ಊರಿನ ನಮ್ಮ ಮನೆಯಲ್ಲಿ ಸೇರಿದರು. ಚಹಾ ಎರಡು ಸುತ್ತು ಬಂತು. ಕೊನೆಗೆ ಮಾತು ತೆಗೆದವನು, ಭುಜಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಪಿಚರ್.

"ನನಗೆ ಅವರ ಮೇಲೆ ಸಿಟ್ಟಿಲ್ಲ. ಅವರು ಬೀಸಿದ್ರು, ನಾನು ಓಡ್ದೆ. ಮುಂದಿನ ಸಲ ಬೀಸಿದ್ರೂ ಓಡ್ತೀನಿ. ನನಗೆ ಭಯ ಇರೋದೇ ಅದು."

ಮ್ಯಾನೇಜರ್ ಬದಲಾಗಬೇಕು, ಥರ್ಡ್ ಬೇಸವ್ವ ಆ ಜಾಗಕ್ಕೆ ಬರಬೇಕು ಎಂದಾಯಿತು. ಹೇಳುವುದು ಹೇಗೆ? ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕೋಣ, ಮರ್ಯಾದೆಯಾಗಿ ಬರೆಯೋಣ ಎಂದು ಯಾರೋ ಅಂದರು. ಕ್ಯಾಚರ್ ತಲೆ ಎತ್ತದೆ, "ಅವರು ನನ್ನ ಮನಿಗೆ ಬಂದಿದ್ರು" ಅಂದ. ಅಷ್ಟೇ ಅಂದ. ಅವನೂ ನಾನೂ ಹೋಗುವುದೆಂದು ತೀರ್ಮಾನವಾಯಿತು.

ಡಿಸೆಂಬರಿನ ಮೊದಲ ಶನಿವಾರ. ಹಿಂದಿನ ದಿನ ನಾನು ಆಂಟಿಗೆ ಫೋನ್ ಮಾಡಿ "ನಾಳೆ ಊಟಕ್ಕೆ ಬರ್ತೀವಿ" ಅಂದಿದ್ದೆ. ಆ ಕಡೆ ಓಡುತ್ತಿದ್ದ ಮಿಕ್ಸಿ ನಿಂತಿತು. ಆಮೇಲೆ "ಬರ್ರಿ" ಅಂದಿದ್ದರು.

ಬಾಗಿಲು ತೆರೆದವರು ಅಂಕಲ್. ಚಪ್ಪಲಿ ಬಿಡುವ ಜಾಗದಲ್ಲಿ ನಾವು ನಿಲ್ಲಲು ಅವರು ಬಿಡಲೇ ಇಲ್ಲ. ನನ್ನ ಮೊಣಕೈ ಹಿಡಿದು ಸೀದಾ ಒಳಗೆ ಎಳೆದುಕೊಂಡು ಹೋದರು. ಮದುವೆಯ ಸುದ್ದಿ, ಹುಬ್ಬಳ್ಳಿಯ ಟ್ರಾಫಿಕ್ಕು, ವಿಮಾನದ ಊಟ, ಒಂದಾದ ಮೇಲೊಂದು ಹೇಳುತ್ತಲೇ ಇದ್ದರು. ಟಿವಿಯಲ್ಲಿ ಯಾವುದೋ ದೂರದ ತಂಡ ತನ್ನ ಮ್ಯಾನೇಜರನ್ನು ತೆಗೆದ ಸುದ್ದಿ ಬರುತ್ತಿತ್ತು. "ಫೋನ್‌ನ್ಯಾಗ ಹೇಳ್ಯಾರಂತ, ನೋಡ್ರಿ..." ಎಂದವರು ಅರ್ಧಕ್ಕೇ ನಿಲ್ಲಿಸಿ, ಟಿವಿ ಆರಿಸಿದರು.

"ಕುಂಡ್ರಿ. ಮೊದಲ ಊಟ. ಮಾತು ಆಮ್ಯಾಲೆ."

ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಆಂಟಿ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದರು, ನಮ್ಮ ಕಡೆ ತಿರುಗಲಿಲ್ಲ. ತಟ್ಟೆಗಳಲ್ಲಿ ಬದನೆಕಾಯಿ ಎಣ್ಣೆಗಾಯಿ ಆಗಲೇ ಬಡಿಸಿಯಾಗಿತ್ತು. ಕ್ಯಾಚರ್ ನನ್ನ ಮುಖ ನೋಡಿದ. ನಾನು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ನಿಂತೇ ಇದ್ದೆ.

"ಅಂಕಲ್, ಹೇಳಿದ ಮೇಲೆ ಊಟ ಅಂತ ಕಲಿಸಿದ್ದು ನೀವು."

ಅವರ ಕೈಯಲ್ಲಿ ಶೇಂಗಾ ಚಟ್ನಿಯ ಬಟ್ಟಲಿತ್ತು. ಅದನ್ನು ಮೇಜಿನ ಮೇಲಿಟ್ಟರು. "ಹಂಗಾರ ಹೇಳು" ಅಂದರು.

"ಮುಂದಿನ ಸೀಸನ್‌ಗೆ ನೀವು ಮ್ಯಾನೇಜರ್ ಅಲ್ಲ."

"ಕಣ್ಣಿಗಾಗಿ ಏನು?"

"ಹೌದು ಅಂಕಲ್."

ಅವರು ತಲೆ ಆಡಿಸಿದರು. ನಿಧಾನವಾಗಿ ಹೋಗಿ ಗ್ಯಾರೇಜಿನ ಬಾಗಿಲು ತೆಗೆದರು. ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.

ಹಂಚಿನ ಮೇಲಿದ್ದ ರೊಟ್ಟಿ ಕಮರಿದ ವಾಸನೆ ಬಂದಾಗ ಆಂಟಿ ಒಲೆ ಆರಿಸಿದರು. ಗ್ಯಾರೇಜಿನಿಂದ ಸದ್ದೇ ಇಲ್ಲ. ಅಂಕಲ್ ಬಂದು ನಮ್ಮ ಜೊತೆ ಕೂರದಿದ್ದರೆ... ಅವರ ಲೆಕ್ಕದಲ್ಲೇ ನಾವು ಅವರನ್ನು ಪೂರ್ತಿ ಕಳೆದುಕೊಂಡ ಹಾಗೆ. ನಾನು ತಡೆಯಲಾರದೆ "ಆಂಟಿ, ನಾವು ಹೊರಡ್ತೀವಿ" ಅಂದೆ.

"ಎಲ್ಲಿ ಹೊಂಟ್ರಿ? ಅವರು ಯಾರ ಮನ್ಯಾಗರ ಹೇಳಿ ಓಡಿ ಬಂದದ್ದು ಐತೇನು? ಕುಂಡ್ರಿ."

ಕೂತೆವು. ಆರಿದ ರೊಟ್ಟಿಯ ಅಂಚು ಮೇಲೆದ್ದು ಬಿರುಸಾಯಿತು. ಆಂಟಿ ಮೂರು ಲೋಟಕ್ಕೆ ಮಜ್ಜಿಗೆ ಸುರಿದರು. ಸ್ವಲ್ಪ ತಡೆದು, ನಾಲ್ಕನೆಯದಕ್ಕೂ ಸುರಿದರು.

ಗ್ಯಾರೇಜಿನ ಬಾಗಿಲು ತೆರೆಯಿತು. ಅಂಕಲ್ ಕೈಗಳು ಎಣ್ಣೆಯಿಂದ ಹೊಳೆಯುತ್ತಿದ್ದವು. ಚಳಿಗಾಲ ಬಂತೆಂದರೆ ಚೆಂಡು ಹಿಡಿಯಲು ಹಾಕಿಕೊಳ್ಳುವ ನಮ್ಮೆಲ್ಲರ ತೊಗಲಿನ ಗ್ಲೌಸು ಅವರ ಗ್ಯಾರೇಜಿನಲ್ಲೇ ಇರುತ್ತಿದ್ದವು. ಒಂದೊಂದಕ್ಕೂ ಅವರೇ ಔಡಲೆಣ್ಣೆ ತಿಕ್ಕಿ ಮೆದುಮಾಡುತ್ತಿದ್ದರು. ಈಗ ಕಂಕುಳಲ್ಲಿ ಒಂದು ಗ್ಲೌಸ್ ಇತ್ತು. ಅದನ್ನು ನನ್ನ ಮುಂದೆ ಮೇಜಿನ ಮೇಲಿಟ್ಟರು. ಚಿಕ್ಕ ಕೈಯ ಗ್ಲೌಸ್.

"ಥರ್ಡ್ ಬೇಸವ್ವ ಅಲ್ಲೇನೋ?"

"ಹೌದು ಅಂಕಲ್. ನಿಮಗೆ ಹೇಗೆ..."

"ಯಾರಿರಬೌದು ಅಂತ ಎಲ್ಲಾ ಗ್ಲೌಸು ಮುಟ್ಟಿ ನೋಡಿದೆ. ಇದನ್ನ ಬಿಟ್ಟು ಬ್ಯಾರೆದ್ದು ಕೈಗೆ ಹತ್ತಲಿಲ್ಲ." ಸಿಂಕಿನಲ್ಲಿ ಕೈ ತೊಳೆದರು. ಎಣ್ಣೆಯ ವಾಸನೆ ಹೋಗಲಿಲ್ಲ. ಬಂದು ಕೂತು, ಒಂದು ರೊಟ್ಟಿ ಮುರಿದರು. ಅದು ಟಪ್ಪೆಂದಿತು. "ರೊಟ್ಟಿ ಕಡಕ ಆಗ್ಯಾವ. ನಿಮ್ಮಿಂದ ಆಗಿದ್ದು, ನೀವ ತಿನ್ರಿ." ಒಂದು ತುತ್ತು ನುಂಗಿದ ಮೇಲೆ ಕ್ಯಾಚರ್ ಕಡೆ ನೋಡಿ, "ಇನ್ ಮ್ಯಾಲೆ ನನ್ನ ಏನಂತ ಕರೀತೀರಿ?" ಅಂದರು.

"ಮ್ಯಾನೇಜರ್ ಅಂತನ" ಅಂದ ಕ್ಯಾಚರ್. "ಜಾಗ ಬದಲಾದ್ರ ಹೆಸರು ಬದಲಾಗ್ತೈತೇನ್ರಿ?"

ಅಂಕಲ್ ನಕ್ಕರು. ನಗುತ್ತಲೇ ಎಣ್ಣೆಗಾಯಿಯ ಖಾರದ ಕೈಯಿಂದ ಕಣ್ಣು ಒರೆಸಿಕೊಂಡು, ಉರಿ ತಡೆಯಲಾರದೆ ಆಂಟಿಯಿಂದ ಬೈಸಿಕೊಂಡರು. ನಾಲ್ವರೂ ಉಂಡೆವು. ಅವರು ಎರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡರು.

ಮುಂದಿನ ಸೀಸನ್ ಪೂರ್ತಿ ಅವರು ಮಡಚುವ ಕುರ್ಚಿ ತಂದು ಬೇಲಿಯ ಪಕ್ಕ ಕೂರುತ್ತಿದ್ದರು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು. ಕೈ ತಾನಾಗಿ ಬೀಸಿಬಿಟ್ಟೀತು ಎಂಬ ಅಂಜಿಕೆ. ಒಮ್ಮೆ ಹೊಸ ಮ್ಯಾನೇಜರ್ ಅಂಗೈ ಎತ್ತಿ ಓಡುವವನನ್ನು ನಿಲ್ಲಿಸಿದಾಗ, ಅಂಕಲ್ ನನಗಷ್ಟೇ ಕೇಳಿಸುವಂತೆ "ಬರಬೌದಿತ್ತೇನೋ" ಅಂದರು.

"ಇಲ್ಲ ಅಂಕಲ್. ಔಟ್ ಆಗ್ತಿದ್ದ."

"ಹಂಗಾರ ಛಲೋ ಆತು" ಅಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ. ನಾನು ಗಮನವಿಟ್ಟೇ ಕೇಳಿದ್ದೆ.

ಕಳೆದ ಅಕ್ಟೋಬರಿನಲ್ಲಿ, ಸೀಸನ್ ಮುಗಿದ ಮೇಲೆ, ಅವರು ನಿದ್ದೆಯಲ್ಲೇ ಹೋದರು. ಆ ವರ್ಷದ ಚಳಿಗಾಲ ಅವರಿಗೆ ಸಿಗಲಿಲ್ಲ.

ಡಿಸೆಂಬರಿನಲ್ಲಿ ಥರ್ಡ್ ಬೇಸವ್ವ ನನಗೆ ಫೋನ್ ಮಾಡಿ, "ನಾಳೆ ಊಟಕ್ಕ ಬರ್ತೀನ್ರಿ ಅಂಕಲ್" ಅಂದಳು. ನನ್ನ ಹೆಂಡತಿ ಹೋಳಿಗೆ ಮಾಡಲೇ ಎಂದು ಕೇಳಿದಳು. ಬೇಡ, ಅದು ಕೆಲಸ ಮಾಡುವುದಿಲ್ಲ ಅಂದೆ. ಮರುದಿನ ಆ ಹುಡುಗಿ ನಮ್ಮ ಬಾಗಿಲಲ್ಲಿ, ಚಪ್ಪಲಿಗಳ ನಡುವೆ ನಿಂತು, ಈ ಸಲ ಸೆಕೆಂಡ್ ಬೇಸಿಗೆ ಬೇರೆಯವರನ್ನು ಹಾಕುತ್ತಿದ್ದೇನೆ ಎಂದು ಹೇಳಿದಳು. "ಹೆಸರು ಅದೇ ಇರ್ತದ್ರಿ" ಎಂದು ಅವಸರದಲ್ಲಿ ಸೇರಿಸಿದಳು. ನಾನು ಅವಳನ್ನು ಒಳಗೆ ಕರೆದು, ಕೈ ತೊಳೆದುಕೋ ಅಂದೆ. ಬಿಸಿಬೇಳೆಬಾತ್ ಚೆನ್ನಾಗಿತ್ತು. ನನಗೆ ಹಸಿವೂ ಆಗಿತ್ತು.

ಈ ಜನವರಿಯ ಆ ಶನಿವಾರ, ಬ್ಯಾಗಿನಲ್ಲಿ ಉಳಿದಿದ್ದದ್ದು ಒಂದೇ ಗ್ಲೌಸ್, ಅಂಕಲ್ ಅವರದು. ಎಣ್ಣೆ ಕಾಣದೆ ಅಂಚು ಒರಟಾಗಿತ್ತು. ಕಪಾಟಿನಲ್ಲಿ ಸೀಸೆ ಇತ್ತು. ಚಿಂದಿಬಟ್ಟೆಗೆ ಸ್ವಲ್ಪ ಸುರಿದುಕೊಂಡು ತಿಕ್ಕಿದೆ. ಆ ವಾಸನೆಯ ಕೈಯಲ್ಲೇ ಒಳಗೆ ಹೋದಾಗ ಆಂಟಿ ತಟ್ಟೆ ಹಿಡಿದು ನಿಂತಿದ್ದರು, ಬಡಿಸಿರಲಿಲ್ಲ.

"ಊಟಕ್ಕ ಬರ್ತೇನಿ ಅಂತ ಫೋನ್ ಮಾಡಿದ್ರಲ್ಲ. ಏನ ಹೇಳೂದಿತ್ತು?"

"ಏನೂ ಇಲ್ಲ ಆಂಟಿ. ಬರೀ ಊಟ."

ನಿಜವೇ ಎಂದು ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬಡಿಸಿದರು. ಎದುರಿನ ಕುರ್ಚಿ ಖಾಲಿ ಇತ್ತು.

ಎರಡು ಡಿಸೆಂಬರ್ ಹಿಂದಿನ ಆ ಮಧ್ಯಾಹ್ನ ಆ ಮೇಜಿನ ಬಳಿ ಇದ್ದವರು ನಾವು ನಾಲ್ವರೇ. ಆಂಟಿ ಇದ್ದಾರೆ, ಪ್ರಾಸ್ಪರ್‌ನ ಅದೇ ಮನೆಯಲ್ಲಿ. ಕ್ಯಾಚರ್ ಇದ್ದಾನೆ, ಸೀಡರ್ ಪಾರ್ಕಿನಲ್ಲಿ, ಮಂಡಿಯ ಆಪರೇಷನ್ ಆಗಿದೆ. ನಾನಿದ್ದೇನೆ. ನಾನು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ತಿದ್ದಲು ಅವರಿಬ್ಬರಿದ್ದಾರೆ.