ಬಾಣನ ಪಕ್ಕೆಲುಬು

ಮುಧೋಳದ ನಾಯಿಯ ಅಂದವೆಲ್ಲ ಅದರ ಬಡಕಲು ಮೈಯಲ್ಲಿದೆ ಎಂದರೆ ಹೊರಗಿನವರಾದ ನೀವು ನಂಬಲಿಕ್ಕಿಲ್ಲ. ಮನೆಗೆ ಬಂದ ನೆಂಟರು ನಮ್ಮ ಬಾಣನನ್ನು ಕಂಡು, ಇದಕ್ಕೆ ಹೊಟ್ಟೆಗೆ ಹಾಕುವುದಿಲ್ಲವೇ ಎಂಬಂತೆ ನನ್ನನ್ನು ನೋಡುತ್ತಿದ್ದರು. ಸಪೂರ ಸೊಂಟ, ಕೈಗೆ ಸಿಗುವ ಪಕ್ಕೆಲುಬು ಈ ತಳಿಯ ಲಕ್ಷಣ ಎಂದು ವಿವರಿಸಿ ವಿವರಿಸಿ ನನ್ನ ಕಣ್ಣೂ ಹಾಗೆಯೇ ಪಳಗಿಬಿಟ್ಟಿತ್ತು. ಪಿಯುಸಿ ಓದುತ್ತಿದ್ದ ಮಗಳು ಸುಮಾ ದಿನದಿನಕ್ಕೆ ತೆಳ್ಳಗಾದಾಗ, ಅದು ವಯಸ್ಸಿನ ಲಕ್ಷಣ ಎಂದುಕೊಂಡೆ. ಹಿಪ್ಪರಗಿ ಬ್ಯಾರೇಜಿನ ನೀರು ಒಂದಡಿ ಇಳಿದರೂ ಪತ್ರಿಕೆಗೆ ಮೊದಲು ವರದಿ ಕಳಿಸುತ್ತಿದ್ದವನು ನಾನು. ಸ್ವಂತ ಮನೆಯ ಸುದ್ದಿಯನ್ನು ಮಾತ್ರ ಬೇರೆಯವರು ತಂದುಕೊಡಬೇಕಾಯಿತು.

ತಂದವನು ತಿಮ್ಮಾಪುರದ ಕಡೆಯ ಬೀರಪ್ಪ, ಕುರಿ ಕಾಯುತ್ತ ನಾಯಿ ಸಾಕುವವನು. ತನ್ನ ಹೆಣ್ಣುನಾಯಿಗೆ ಜೋಡಿ ಹುಡುಕುತ್ತ ಬಂದವನು ಬಾಣನ ಪಕ್ಕೆಯ ಮೇಲೆ ಕೈಯಾಡಿಸಿ, ವರ ಒಪ್ಪಿಗೆಯಾಗದ ಬೀಗರಂತೆ ಮುಖ ಮಾಡಿದ.

“ಇದು ನಾಯಿ ಅಲ್ರಿ ಸಾಹೇಬ್ರ, ಎಮ್ಮಿಕರಾ ಆಗೇತಿ. ಎಲುಬ ಕೈಗೆ ಹತ್ತವಲ್ದು. ಮನ್ಯಾಗ ಯಾರದೋ ಊಟ ಇದು ಉಣ್ಣಾಕತ್ತೈತಿ, ನೋಡ್ರಿ.”

ನಗಲು ಬಾಯಿ ತೆರೆದ ನಾನು, ಬಾಗಿಲಲ್ಲಿ ನಿಂತಿದ್ದ ಸುಮಾಳ ಮುಖ ಕಂಡು ಮುಚ್ಚಿದೆ.

ನಮ್ಮಲ್ಲಿ ಹಂಚಿನ ಕೊನೆಯ ರೊಟ್ಟಿ ನಾಯಿಯ ಪಾಲು. ಅದನ್ನು ಹಾಕುವ ಕೆಲಸ ಸುಮಾಳದು. ಆ ರೊಟ್ಟಿಯ ಮರೆಯಲ್ಲಿ ಅವಳ ರೊಟ್ಟಿಯೂ ತಿಂಗಳುಗಟ್ಟಲೆ ಹಿತ್ತಿಲಿಗೆ ಹೋಗಿತ್ತು. ತಿಳಿದ ಮೇಲೆ ನಾನು ಮಾಡಿದ್ದು ವರದಿಗಾರನಿಗೆ ತಕ್ಕ ತಪ್ಪನ್ನೇ: ಟಿಪ್ಪಣಿ ಪುಸ್ತಕ ತೆರೆದು ಅವಳು ತಿಂದ ತುತ್ತುಗಳನ್ನು ದಾಖಲಿಸತೊಡಗಿದೆ. ಊಟದ ಹೊತ್ತು ಠಾಣೆಯ ವಿಚಾರಣೆಯಂತಾಯಿತು. ನಾನು ಬರೆದಷ್ಟೂ ಅವಳು ತಿನ್ನುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಕೊಡ ಎತ್ತಲು ಬಗ್ಗಿದವಳು ಅಲ್ಲಿಯೇ ಕುಸಿದಳು.

ಬಾಗಲಕೋಟೆಯ ಮನೋವೈದ್ಯೆ ರಕ್ತ, ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ಹಟವಲ್ಲ, ಕಾಯಿಲೆ ಎಂದರು. ನನ್ನ ಪುಸ್ತಕವನ್ನೂ ಮುಚ್ಚಿಸಿದರು. ಸುಮಾಳನ್ನು ರೊಟ್ಟಿಯ ವಿಷಯ ಕೇಳಲೇ ಇಲ್ಲ. ಮೈಯ ಮಾತು ಬಿಟ್ಟು, ಬದುಕಿನಲ್ಲಿ ನಿನಗೆ ಯಾವುದು ಮುಖ್ಯ ಎಂದು ಕೇಳಿದರು. ಅವಳು, ಒಬ್ಬರ ಪಾಲನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು ಎಂದಳು. ಅದು ನಿಜ. ಚಿಕ್ಕವಳಿದ್ದಾಗ, ಪಕ್ಕದ ಹೊಲದವಳ ಪಾಳಿಯ ನೀರನ್ನು ಸೋದರಮಾವ ತನ್ನ ಕಬ್ಬಿಗೆ ತಿರುಗಿಸಿಕೊಂಡನೆಂದು ಕಾಲುವೆಯಲ್ಲೇ ಕೂತು, ಅವನು ಮತ್ತೆ ಆ ಕಡೆ ಬಿಡುವತನಕ ಏಳದವಳು ಅವಳು.

“ಪಾಲು ಇದ್ದವರ ಪಟ್ಟಿಯೊಳಗ ನಿನ್ನ ಹೆಸರು ಐತೇನವಾ?” ಎಂದರು ವೈದ್ಯೆ.

ಆ ದಿನದಿಂದ ಹೊತ್ತಿಗೆ ಸರಿಯಾಗಿ ಊಟ, ವಾರಕ್ಕೊಮ್ಮೆ ಬಾಗಲಕೋಟೆಯ ಬಸ್ಸು ಶುರುವಾದವು. ‘ಮೌಲ್ಯ’ ಎಂಬ ಪದವನ್ನು ಎಷ್ಟೋ ಭಾಷಣಗಳ ವರದಿಯಲ್ಲಿ ಆಕಳಿಸುತ್ತ ಬರೆದಿದ್ದ ನನಗೆ, ಅನ್ನಕ್ಕೆ ಹೆದರುವವಳ ಕೈ ಹಿಡಿಯಲು ಅದಕ್ಕೆ ಶಕ್ತಿ ಉಂಟೆಂದು ತಿಳಿದಿರಲಿಲ್ಲ.

ಕೆಲವು ವಾರಗಳ ನಂತರ, ಒಂದು ಮಧ್ಯಾಹ್ನ. ರೊಟ್ಟಿ ಮುರಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಬಾಣ ಬಂದು ಅವಳ ಮೊಣಕಾಲ ಮೇಲೆ ಮೂತಿಯಿಟ್ಟ. ಪಲ್ಯ ಬಡಿಸುತ್ತಿದ್ದ ನನ್ನ ಹೆಂಡತಿಯ ಸೌಟೂ ನಿಂತಿತು. ನಾನು ಬಲವಂತದಿಂದ ನನ್ನ ತಟ್ಟೆಯನ್ನೇ ನೋಡಿದೆ.

“ನಿಂದು ಆತಲೇ,” ಎಂದಳು ಸುಮಾ ಬಾಣನಿಗೆ. “ಇದು ನಂದು.”

ನುಂಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಇನ್ನೊಂದು ತುತ್ತು ಮುರಿದಳು. ಬಾಣ ಮುನಿಸಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತ. ನಾನೂ ನನ್ನ ರೊಟ್ಟಿ ಬಿಟ್ಟುಕೊಡಲಿಲ್ಲ.